ತಮೇ ಕೇವಾ?

ಅಕ್ಕನ ಮೊಮ್ಮಗಳು ಅಹಮದಾಬಾದಿನ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. ಹೋದ ಸೆಮಿಸ್ಟರಿನಲ್ಲಿ ಅವಳಿಗೊಂದು ಪೇಪರ್ ಇತ್ತು: ‘ಜಾಗತಿಕ ಸಮಸ್ಯೆಗಳು ಮತ್ತು ಸಂಸ್ಕೃತಿಗಳ ಪರಸ್ಪರ ಅರಿವು’. ಎರಡು ಕ್ರೆಡಿಟ್. ಅಂದರೆ ಒಟ್ಟು ಮೂವತ್ತು ತಾಸು ಪಾಠ, ಕೊನೆಗೊಂದು ಪಿಪಿಟಿ. ಮೂವತ್ತು ತಾಸಿನಲ್ಲಿ ಇಡೀ ಜಗತ್ತು.

“ಅಜ್ಜ, ನಿಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?” ಅಂತ ಫೋನಿನಲ್ಲಿ ಕೇಳಿದಳು. “ಪೇಪರ್ ಇರಲಿಲ್ಲ ಮಗಾ” ಅಂದೆ. ಮಿಕ್ಕದ್ದನ್ನು ಹೇಳುವ ಮೊದಲೇ ಅವಳ ಪೀಜಿಯಲ್ಲಿ ಊಟದ ಗಂಟೆ ಹೊಡೆಯಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಕುಂದಾಪುರ ಕಡೆಯವರು. ಮೀಸೆ ಮೂಡುವ ಮೊದಲೇ ಅಹಮದಾಬಾದಿಗೆ ಬಂದು, ಕಾಲುಪುರ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲೆಯವರೆಗೆ ಬಂದವರು. ಅಲ್ಲಿಯವರಿಗೆ ಅದು ‘ಮದ್ರಾಸಿ ಹೋಟೆಲ್’. ನಾವೂ ಮದ್ರಾಸಿಗಳೇ. ಅಪ್ಪ ಮದ್ರಾಸನ್ನು ಸಾಯುವವರೆಗೂ ನೋಡಲಿಲ್ಲ. ಗಿರಾಕಿಗೆ ಹಿಡಿಸಲಿ ಅಂತ ಸಾಂಬಾರಿಗೆ ಒಂದು ಹಿಡಿ ಬೆಲ್ಲ ಹೆಚ್ಚಿಗೆ ಬೀಳುತ್ತಿತ್ತು. ಮನೆಯಲ್ಲಿ ಅಮ್ಮ ಮಾಡಿದ ಹುಳಿಗೆ ಅಪ್ಪನೇ “ಸಪ್ಪೆ” ಅನ್ನುವ ಮಟ್ಟಕ್ಕೆ ಅದು ಹೋಯಿತು. 1969ರ ಸೆಪ್ಟೆಂಬರಿನ ಹಿಂದೂ-ಮುಸ್ಲಿಂ ಗಲಭೆಯಲ್ಲಿ ನನಗೆ ಹತ್ತು ವರ್ಷ. ಹೋಟೆಲು ಹಲವು ದಿನ ಮುಚ್ಚಿತ್ತು. ತೆರೆದಾಗ ಇದ್ದಿಲು ತಂದುಹಾಕುವವನು ಬೇರೆಯವನಾಗಿದ್ದ. ಅಪ್ಪ ಕಾರಣ ಹೇಳಲಿಲ್ಲ. ನಾನು ಕೇಳಲಿಲ್ಲ.

ಹಿಂದಿನದ್ದೆಲ್ಲ ಚೆನ್ನಾಗಿತ್ತು ಅಂತ ಹೇಳಲು ನಾನು ಕೂತಿಲ್ಲ ಎಂಬುದಕ್ಕೆ ಇದನ್ನು ಮೊದಲೇ ಹೇಳಿದೆ.

1977ರಲ್ಲಿ ಬಿ.ಎ.ಗೆ ವಡೋದರಾಕ್ಕೆ ಹೋದೆ. ಆಗ ಎಲ್ಲರ ಬಾಯಲ್ಲೂ ಬರೋಡಾ. ಜಗತ್ತನ್ನು ತರಗತಿಯೊಳಗೆ ತರುವ ಯೋಚನೆ ಆ ಊರಿಗೆ ಹೊಸದೇನಲ್ಲ. 1949ರಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಶುರುವಾದಾಗ ಅದರ ಮೊದಲ ಕುಲಪತಿ ಹಂಸಾ ಮೆಹ್ತಾ. ಹುಟ್ಟಿದ್ದು ಸೂರತ್‌ನಲ್ಲಿ. ವಿಶ್ವವಿದ್ಯಾಲಯ ಶುರುವಾಗುವ ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಹೊರಬಿದ್ದಿತ್ತು. ಅದರ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂದಿದ್ದುದನ್ನು ‘ಎಲ್ಲ ಮನುಷ್ಯರೂ’ ಎಂದು ಮಾಡಿಸಿದವರು ಈಕೆ. ಅದೇ 1949ರಲ್ಲಿ ರಾಧಾಕೃಷ್ಣನ್ ಆಯೋಗ ತನ್ನ ವರದಿಯಲ್ಲಿ, ಯಾವ ಡಿಗ್ರಿ ಓದುವವನಿಗೂ ‘ಜನರಲ್ ಎಜುಕೇಷನ್’ ಇರಬೇಕು ಎಂದಿತು. ಬರೋಡಾ ಅದನ್ನು ಹಚ್ಚಿಕೊಂಡ ಊರು. ಜನರಲ್ ಎಜುಕೇಷನ್ ಬಿಲ್ಡಿಂಗ್ ಎಂಬ ಕಟ್ಟಡ ಇಂದಿಗೂ ಇದೆ. ಅಲ್ಲಿ ಕಾಮರ್ಸ್ ಹುಡುಗರಿಗೆ ಪಾಠ ನಡೆಯುತ್ತದೆ. ಹೆಸರಿಗೆ ಅರ್ಥ ಏನು ಎಂದು ಕೇಳಿದರೆ ಅವರಲ್ಲಿ ಯಾರೂ ಹೇಳಲಿಕ್ಕಿಲ್ಲ. 1951ರಲ್ಲಿ ಬರೋಡಾದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಲು ಹೋದವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ರಾಂಪುರ ಎಂದು ತಾವೇ ಹೆಸರಿಟ್ಟ ಹಳ್ಳಿಯಲ್ಲಿ 1948ರಲ್ಲಿ ತಿಂಗಳುಗಟ್ಟಲೆ ಕೂತು ಬಂದವರು. ಇನ್ನೊಬ್ಬರನ್ನು ತಿಳಿಯಬೇಕಾದರೆ ಅವರ ಜಗುಲಿಯಲ್ಲಿ ಕೂರಬೇಕು ಎಂಬುದು ಅವರ ವಿದ್ಯೆಯ ಒಟ್ಟು ಬಂಡವಾಳ. ನಾನು ಹೋಗುವ ಹೊತ್ತಿಗೆ ಅವರು ದಿಲ್ಲಿಯನ್ನೂ ಮುಗಿಸಿ ಬೆಂಗಳೂರಿಗೆ ಬಂದಾಗಿತ್ತು. ನಮಗೆ ಸಿಕ್ಕಿದ್ದು ಅವರ ಪುಸ್ತಕದ ಮೇಲಿನ ಗೈಡು.

ಜಗತ್ತು ನಮಗೆ ಸಿಕ್ಕಿದ್ದು ಮೆಸ್ಸಿನಲ್ಲಿ. ನನ್ನ ರೂಮಿನವನು ಕಂಪಾಲದಲ್ಲಿ ಹುಟ್ಟಿದ ಪಟೇಲರ ಹುಡುಗ. 1972ರಲ್ಲಿ ಇದಿ ಅಮೀನ್ ಏಷ್ಯಾದವರಿಗೆ ತೊಂಬತ್ತು ದಿನ ಕೊಟ್ಟು ಹೊರಗೆ ಹಾಕಿದಾಗ ಅವನ ಚಿಕ್ಕಪ್ಪಂದಿರು ಇಂಗ್ಲೆಂಡಿಗೆ ಹೋದರು, ಇವರು ಊರಿಗೆ ಬಂದರು. ಅವನ ಗುಜರಾತಿಯೇ ಬೇರೆ. ಚಾಕುವಿಗೆ ‘ಕಿಸು’, ಪಾತ್ರೆಗೆ ‘ಸುಫುರಿಯಾ’, ಪೊರಕೆಗೆ ‘ಫಾಗಿಯೋ’. ಇವು ಸ್ವಾಹಿಲಿ ಮಾತುಗಳು ಅಂತ ಅವನಿಗೇ ಗೊತ್ತಿರಲಿಲ್ಲ. ಅಜ್ಜಿ ಆಡುತ್ತಿದ್ದ ಮಾತು, ಹಾಗಾಗಿ ಗುಜರಾತಿಯೇ ಅಂದುಕೊಂಡಿದ್ದ. ಬಡಿಸುವವನ ಹತ್ತಿರ ಒಮ್ಮೆ “ಕಿಸು ಕೊಡು” ಅಂದು ಇಡೀ ಮೆಸ್ಸು ನಕ್ಕ ಮೇಲೆ ಎರಡು ದಿನ ಊಟಕ್ಕೇ ಬರಲಿಲ್ಲ. ಅವನ ಮೇಲೆ ನನಗೆ ಅಯ್ಯೋ ಅನಿಸಿತ್ತು. ಆದರೆ ಅದೇ ಹಾಸ್ಟೆಲಿನಲ್ಲಿ ಕೀನ್ಯಾದ ಕಪ್ಪು ಹುಡುಗನೊಬ್ಬ ಮೂಲೆಯ ಮೇಜಿನಲ್ಲಿ ಒಬ್ಬನೇ ಉಣ್ಣುತ್ತಿದ್ದ. ಈ ಕಂಪಾಲದವನು ಅವನ ಬಗ್ಗೆ ಆಡುತ್ತಿದ್ದ ಮಾತನ್ನು ಇಲ್ಲಿ ಬರೆಯಲಾರೆ. ಮನೆಯಲ್ಲಿ ಎಂಟು ಮಂದಿ ಆಳುಗಳಿದ್ದರು, ಎಲ್ಲರೂ ಅಂಥವರೇ ಅನ್ನುತ್ತಿದ್ದ. ಹೊರಗೆ ಹಾಕಿಸಿಕೊಂಡವನಿಗೆ ಬೇರೆಯವರ ನೋವು ತನ್ನಷ್ಟಕ್ಕೆ ತಿಳಿಯುತ್ತದೆ ಎಂಬ ನಂಬಿಕೆ ನನಗೆ ಅಲ್ಲೇ ಹೋಯಿತು. ಕೀನ್ಯಾದವನ ಮೇಜಿಗೆ ತಟ್ಟೆ ಹಿಡಿದುಕೊಂಡು ನಾನು ಹೋದೆನೇ? ಮೂರು ವರ್ಷದಲ್ಲಿ ನಾಲ್ಕೋ ಐದೋ ಸಲ. ಪರೀಕ್ಷೆಯ ಹೊತ್ತಿನಲ್ಲಿ, ಅವನ ಇಂಗ್ಲಿಷ್ ನೋಟ್ಸಿಗಾಗಿ.

1984ರಲ್ಲಿ ಸೂರತ್‌ನ ಒಂದು ಕಾಲೇಜಿನಲ್ಲಿ ಮೇಷ್ಟ್ರಾದೆ. ಮನೆ ಹುಡುಕುವಾಗ ಎಲ್ಲ ಕಡೆ ಒಂದೇ ಪ್ರಶ್ನೆ: “ತಮೇ ಕೇವಾ?” ಅಕ್ಷರಕ್ಕೆ ‘ನೀವು ಎಂಥವರು’ ಎಂದಷ್ಟೇ. ಕೇಳುತ್ತಿರುವುದು ಜಾತಿ. ಮೂರು ಮನೆ ತಪ್ಪಿದ ಮೇಲೆ ನಾಲ್ಕನೆಯ ಮನೆಯ ಓನರಮ್ಮ ತಾನೇ ಉತ್ತರವನ್ನೂ ಹೇಳಿಕೊಂಡರು: “ಮದ್ರಾಸಿಯಾ? ಹಾಗಾದರೆ ಇಡ್ಲಿ ದೋಸೆ. ತೊಂದರೆ ಇಲ್ಲ.” ನಾನು ಮೀನು ತಿಂದು ಬೆಳೆದವನು. ಸುಮ್ಮನೆ ತಲೆ ಆಡಿಸಿ ಬೀಗದ ಕೈ ತೆಗೆದುಕೊಂಡೆ. ಆ ಮನೆಯಲ್ಲಿ ಏಳು ವರ್ಷ ಇದ್ದೆ. ಮೀನಿನ ಆಸೆಯಾದರೆ ಭಾನುವಾರ ತಾಪಿ ನದಿ ದಾಟಿ ರಾಂದೇರ್‌ಗೆ ಹೋಗಿ ತಿಂದು, ಏಲಕ್ಕಿ ಅಗಿಯುತ್ತಾ ಬರುತ್ತಿದ್ದೆ. ನನ್ನ ಜೊತೆಯೇ ಕೆಲಸಕ್ಕೆ ಸೇರಿದ ಮುಸ್ಲಿಂ ಗೆಳೆಯ ಅದೇ ಬೀದಿಯಲ್ಲಿ ಕೇಳಿ, ಸಿಗದೆ, ಭರೂಚ್‌ನಿಂದ ದಿನಾ ರೈಲಿನಲ್ಲಿ ಓಡಾಡಿದ. ನನ್ನ ಓನರಮ್ಮನಿಗೆ ಅವನ ಬಗ್ಗೆ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ನನ್ನ ಮನೆಯೂ ಹೋಗುತ್ತಿತ್ತು.

ಪಾಠಕ್ಕೆ ಬರುತ್ತೇನೆ. ‘ಜಾಗತಿಕ ಸಮಸ್ಯೆ’ ನಮ್ಮ ಕಾಲೇಜುಗಳಿಗೆ ಬಂದದ್ದು ಪರಿಸರದ ಹೆಸರಿನಲ್ಲಿ, ಅದೂ ಸುಪ್ರೀಂ ಕೋರ್ಟು ಹೇಳಿದ್ದರಿಂದ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಿನಲ್ಲಿ 1991ರಲ್ಲಿ ಆದೇಶ ಬಂತು. ಯುಜಿಸಿ ಆರು ತಿಂಗಳ ಕಡ್ಡಾಯ ಪಾಠ ಸಿದ್ಧಮಾಡಿ ಕಳಿಸುವ ಹೊತ್ತಿಗೆ ಹನ್ನೆರಡು ವರ್ಷ ದಾಟಿತ್ತು. ಕಲಿಸಲು ಬೇರೆ ಮೇಷ್ಟ್ರು ಬರಲಿಲ್ಲ. ಯಾರ ಟೈಮ್‌ಟೇಬಲ್ ಹಗುರವಿತ್ತೋ ಅವರ ತಲೆಗೆ ಬಿತ್ತು. ನನ್ನದು ಹಗುರವಿತ್ತು. ಮೊದಲ ದಿನವೇ ಹುಡುಗರು ಕೇಳಿದ್ದು, “ಸಾಹೇಬ್, ಐಎಂಪಿ ಆಪೋ ನೇ.” ಪರೀಕ್ಷೆಗೆ ಬರುವ ಮುಖ್ಯ ಪ್ರಶ್ನೆ ಯಾವುದು, ಅಷ್ಟು ಹೇಳಿ, ಸಾಕು.

2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ತಾಪಿಗೆ ನೀರು ಬಿಟ್ಟಾಗ ಸೂರತ್‌ನ ಬಹುಭಾಗ ಮುಳುಗಿತು. ನೀರು ಇಳಿದ ಮೇಲೆ ನಮ್ಮ ತರಗತಿಯ ಗೋಡೆಯ ಮೇಲೆ, ಕಪ್ಪುಹಲಗೆಯ ಅರ್ಧಕ್ಕೆ ಸರಿಯಾಗಿ, ಕಂದು ಗೆರೆಯೊಂದು ಉಳಿಯಿತು. ಬೆಂಚು ತೊಳೆದರೂ ಕೆಸರಿನ ವಾಸನೆ ಹೋಗಲಿಲ್ಲ. ಆ ವರ್ಷದ ಪ್ರಾಜೆಕ್ಟುಗಳು ನನ್ನ ಮೇಜಿಗೆ ಬಂದವು: ಅಂಟಾರ್ಟಿಕಾದ ಮಂಜು, ಚೆರ್ನೋಬಿಲ್, ಓಜೋನ್ ತೂತು. ಅರವತ್ತೆರಡು ಪ್ರಾಜೆಕ್ಟಿನಲ್ಲಿ ತಾಪಿಯ ಬಗ್ಗೆ ಒಂದೂ ಇಲ್ಲ. ಯಾಕೆ ಅಂದಾಗ ಒಬ್ಬಳು, “ಸರ್, ಅದು ಗೈಡಿನಲ್ಲಿ ಇಲ್ಲ” ಅಂದಳು. ಬೈದೆ. ಮನೆಗೆ ಬಂದು ಯೋಚಿಸಿದರೆ, ವಿಷಯಗಳ ಪಟ್ಟಿ ಕೊಟ್ಟವನು ನಾನೇ. ಆ ಪಟ್ಟಿಯನ್ನು ನಾನೂ ಗೈಡಿನಿಂದಲೇ ಇಳಿಸಿದ್ದೆ.

2008ರಲ್ಲಿ ಮಾತ್ರ ಗೈಡು ಬೇಕಾಗಲಿಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕದ ಲೆಹ್ಮನ್ ಬ್ಯಾಂಕು ಬಿತ್ತು. ದೀಪಾವಳಿ ರಜೆ ಮುಗಿದರೂ ಸೂರತ್‌ನ ವಜ್ರದ ಕಾರ್ಖಾನೆಗಳು ಎಷ್ಟೋ ಬಾಗಿಲು ತೆರೆಯಲಿಲ್ಲ. ನನ್ನ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾದವು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ವಜ್ರ ಉಜ್ಜುವ ಕೆಲಸ ಮಾಡುತ್ತಿದ್ದ ಹುಡುಗರು ಅಮ್ರೇಲಿ, ಭಾವನಗರದ ತಮ್ಮ ಹಳ್ಳಿಗಳಿಗೆ ಹೊರಟುಹೋಗಿದ್ದರು. ‘ಹೀರಾ ಘಸು’ ಅಂತ ಅವರನ್ನು ಊರು ಕರೆಯುತ್ತದೆ. ಸರ್ಕಾರಿ ಭಾಷಣದಲ್ಲಿ ‘ರತ್ನ ಕಲಾಕಾರ್’. ಉಳಿದ ಒಬ್ಬ ಹುಡುಗ ಎದ್ದು ನಿಂತು ಆಂಟ್ವರ್ಪ್, ನ್ಯೂಯಾರ್ಕ್, ಮುಂಬಯಿ, ನಮ್ಮೂರ ವರಾಛಾ ರಸ್ತೆ ಎಂದು ಹಲಗೆಯ ಮೇಲೆ ಬಾಣ ಎಳೆದು, ಅಲ್ಲಿ ಯಾರು ಉಂಗುರ ಕೊಳ್ಳದಿದ್ದರೆ ಇಲ್ಲಿ ಯಾರ ಒಲೆ ಆರುತ್ತದೆ ಎಂದು ಹತ್ತು ನಿಮಿಷ ಹೇಳಿದ. ನನ್ನ ಮೂವತ್ತೈದು ವರ್ಷದ ಮೇಷ್ಟ್ರುಗಿರಿಯಲ್ಲಿ ಜಾಗತೀಕರಣದ ಮೇಲೆ ಅದಕ್ಕಿಂತ ಒಳ್ಳೆಯ ಪಾಠ ಕೇಳಿಲ್ಲ. ಇಂಟರ್ನಲ್‌ನಲ್ಲಿ ಅವನಿಗೆ ಹತ್ತಕ್ಕೆ ಆರು ಕೊಟ್ಟಿದ್ದೆ, ಹಾಜರಾತಿ ಕಡಿಮೆ ಇತ್ತು ಅಂತ.

ಈಗ ಹೊಸ ಶಿಕ್ಷಣ ನೀತಿ ಬಂದಿದೆ. 2023ರಿಂದ ಗುಜರಾತಿನ ಡಿಗ್ರಿಗಳೆಲ್ಲ ಅದರ ಚೌಕಟ್ಟಿಗೆ ಬಂದವು: ಮೌಲ್ಯವರ್ಧಿತ ಕೋರ್ಸು, ಬಹುಶಿಸ್ತೀಯ ಕೋರ್ಸು, ಭಾರತೀಯ ಜ್ಞಾನ ಪರಂಪರೆ, ಎಲ್ಲವಕ್ಕೂ ಲೆಕ್ಕ ಹಾಕಿದ ಕ್ರೆಡಿಟ್ಟು. ಅಹಮದಾಬಾದಿನ ಪಕ್ಕದ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳೇ ಬಂದು ಕೂತಿವೆ. ಮೊಮ್ಮಗಳ ತಂಡ ಝೂಮಿನಲ್ಲಿ ಪೋಲೆಂಡಿನ ಹುಡುಗರ ಜೊತೆ ಹಬ್ಬದ ಅಡುಗೆಯ ಮಾತಾಡಿತು. ಅವಳ ಪೀಜಿಯಲ್ಲಿ ಮೊಟ್ಟೆ ನಿಷಿದ್ಧ. ಅವಳ ಬೆಂಚಿನಲ್ಲೇ ಕೂರುವ ಹುಡುಗಿ ಅಹಮದಾಬಾದಿನ ಮುಸ್ಲಿಂ ಬಡಾವಣೆ ಜುಹಾಪುರದವಳು. “ಅವರ ಮನೆಗೆ ಹೋಗಿದ್ದೀಯಾ?” ಅಂದೆ. “ಇಲ್ಲ ಅಜ್ಜ. ಅವಳೂ ಕರೆದಿಲ್ಲ.”

ಆದರೆ ಇವಳನ್ನು ಹೀಗಳೆದರೆ ಅನ್ಯಾಯ. ಇಬ್ಬರೂ ಸೇರಿ ಮಾಡಿದ ಪಿಪಿಟಿಯಲ್ಲಿ ಒಂದು ಸ್ಲೈಡ್ ಗುಜರಾತಿನ ‘ಅಶಾಂತ ಪ್ರದೇಶ’ ಕಾಯಿದೆಯ ಮೇಲಿತ್ತು. 1991ರ ಕಾಯಿದೆ. ಅದರಡಿ ಗುರುತಿಸಿದ ಬಡಾವಣೆಗಳಲ್ಲಿ ಇನ್ನೊಂದು ಕೋಮಿನವರಿಗಿರಲಿ, ತಮ್ಮವರಿಗಿರಲಿ, ಮನೆ ಮಾರಬೇಕಾದರೆ ಕಲೆಕ್ಟರ ಅನುಮತಿ ಬೇಕು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಹಲವು ಬೀದಿಗಳು ಅದರಲ್ಲಿವೆ. ಗಲಭೆಗೆ ಹೆದರಿದವರು ಮನೆಯನ್ನು ಸಿಕ್ಕ ಬೆಲೆಗೆ ಮಾರಬಾರದು ಎಂಬುದು ಅದರ ಉದ್ದೇಶ. ಈಗ ಅದೇ ಕಾಯಿದೆ ಯಾರ ನೆರೆಯಲ್ಲಿ ಯಾರು ಬರಕೂಡದು ಎಂಬುದಕ್ಕೂ ಒದಗುತ್ತದೆ. ಇನ್ನೊಂದು ಸ್ಲೈಡು 2024ರ ಮಾರ್ಚಿನದು: ಗುಜರಾತ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ರಂಜಾನ್ ನಮಾಜು ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪೊಂದು ನುಗ್ಗಿದ್ದು. ನಮ್ಮ ಕಾಲದಲ್ಲಿ ಇಂಥದ್ದನ್ನು ತರಗತಿಯಲ್ಲಿ ಎತ್ತುವ ಧೈರ್ಯ ಯಾರಿಗಿತ್ತು? “ಮೇಡಂ ಏನಂದರು?” ಅಂದೆ. “ಸಮಯ ಸಾಲೋದಿಲ್ಲ, ಆ ಎರಡು ಸ್ಲೈಡ್ ತೆಗೀರಿ ಅಂದರು. ತೆಗೆದ್ವಿ. ‘ಎ’ ಬಂತು.”

ಆ ಮೇಡಂ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಮಾಡಿದ್ದನ್ನು ಹೇಳುತ್ತೇನೆ, ಕೇಳಿ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ವಿದ್ಯಾರ್ಥಿಗಳನ್ನು ವಡೋದರಾಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಲಕ್ಷ್ಮೀ ವಿಲಾಸ ಅರಮನೆ, ಮಧ್ಯಾಹ್ನ ಸಯಾಜಿ ಬಾಗ್‌ನೊಳಗಿನ ಮ್ಯೂಸಿಯಂ. ಅಲ್ಲಿ ಈಜಿಪ್ಟಿನ ಮಮ್ಮಿ ಇದೆ, ತಿಮಿಂಗಿಲದ ಅಸ್ಥಿಪಂಜರ ಇದೆ, ಯೂರೋಪಿನ ತೈಲಚಿತ್ರಗಳಿವೆ. ಆ ತೋಟಕ್ಕೆ ಹಳೆಯ ಹೆಸರು ಕಾಮಾಟಿ ಬಾಗ್. 1917ರಲ್ಲಿ ಅಂಬೇಡ್ಕರ್ ನ್ಯೂಯಾರ್ಕಿನ ಓದು ಮುಗಿಸಿ, ಲಂಡನ್ನಿನದನ್ನು ಅರ್ಧಕ್ಕೆ ಬಿಟ್ಟು ಮಹಾರಾಜರ ನೌಕರಿಗೆ ಬರೋಡಾಕ್ಕೆ ಬಂದರು. ಇಳಿದುಕೊಳ್ಳಲು ಮನೆ ಸಿಗದೆ ಪಾರ್ಸಿಗಳ ವಸತಿಯಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಗುಂಪು ದೊಣ್ಣೆ ಹಿಡಿದು ಬಂತು. ಹಿಂದೂ ಗೆಳೆಯ, ನೀನು ಬಂದರೆ ಮನೆಯಾಳುಗಳು ಬಿಟ್ಟುಹೋಗುತ್ತಾರೆ ಅಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನು ಕೇಳಬೇಕು ಅಂದ. ಮುಂಬಯಿ ರೈಲಿನ ಹೊತ್ತಾಗುವವರೆಗೆ ಅವರು ಕೂತಿದ್ದು ಈ ತೋಟದಲ್ಲಿ. ಅವರು ಅದನ್ನು ಬರೆದಿಟ್ಟ ‘ವೇಟಿಂಗ್ ಫಾರ್ ಎ ವೀಸಾ’ವನ್ನು ಕೊಲಂಬಿಯಾ ವಿಶ್ವವಿದ್ಯಾಲಯ ಪಠ್ಯವಾಗಿ ಇಟ್ಟುಕೊಂಡಿದೆ. ನಾನು ಅದನ್ನು ಓದಿದ್ದೆ.

ಅವತ್ತು ಹುಡುಗರು ಮಮ್ಮಿಯ ಮುಂದೆ ಅರ್ಧ ಗಂಟೆ ನಿಂತರು. ಆಮೇಲೆ ತೋಟದ ಹುಲ್ಲಿನ ಮೇಲೆ ಕೂತು ಥೇಪ್ಲಾ, ಛುಂದೋ ತಿಂದೆವು. ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇತ್ತು. ನಾನು ಏನೂ ಹೇಳಲಿಲ್ಲ.