ನಾನು ಬರೆಯದ ಪತ್ರ

“ಮೇಡಂ, ನಿಮ್ಮ ಯುಪಿಐ ಐಡಿ ಬದಲಾಯ್ತಾ?” ಎಂದು ಫೋನಿನಲ್ಲಿ ಕೇಳಿದವರು ಪಿಎಚ್.ಡಿ. ಪ್ರಬಂಧವನ್ನು ಟೈಪಿಂಗಿಗೆ ಕೊಟ್ಟಿದ್ದ ಕಾಲೇಜು ಮೇಷ್ಟ್ರು. ನಾನು ಬಿಲ್ ಕಳಿಸಿದ ಮರುದಿನ ನನ್ನದೇ ಜಿಮೇಲಿನಿಂದ ಅವರಿಗೆ ಇನ್ನೊಂದು ಪತ್ರ ಹೋಗಿತ್ತು, ಹಣವನ್ನು ಬೇರೊಂದು ಐಡಿಗೆ ಹಾಕಿ ಅಂತ. ಅದನ್ನು ನಾನು ಬರೆದಿರಲಿಲ್ಲ. ಕಳಿಸಿದ ಪತ್ರಗಳ ಪಟ್ಟಿಯಲ್ಲೂ ಅದು ಇರಲಿಲ್ಲ. ಬರೆದವರು ಅಳಿಸಿ ಹೋಗಿದ್ದರು. ಮೇಷ್ಟ್ರು ಒಂದು ಮಾತು ಕೇಳಿದ್ದರಿಂದ ಅವರ ದುಡ್ಡು ಉಳಿಯಿತು.

ಬೆಂಗಳೂರಿನ ಮೂಡಲಪಾಳ್ಯದ ನಮ್ಮ ಮನೆಯಲ್ಲೇ ನಾನು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ವೈಕುಂಠ ಸಮಾರಾಧನೆಯ ಕಾರ್ಡು, ಪ್ರಬಂಧ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಕರಾರಿಗೆಂದು ಜನ ಕೊಟ್ಟ ಆಧಾರ್, ಪ್ಯಾನ್ ಪ್ರತಿಗಳೂ ಅದರಲ್ಲೇ. ನನ್ನ ಹಣಕ್ಕಿಂತ ಮೊದಲು ನೆನಪಾದದ್ದು ಅವು.

ಇಂಟರ್‌ನೆಟ್ ತಂತಿ ಕಿತ್ತೆ. ಯಜಮಾನರ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದೆ. ಅದೇ ಕಂಪ್ಯೂಟರಿನಲ್ಲಿ ಬದಲಿಸಿದರೆ ಹೊಸದೂ ಕಳ್ಳರ ಕೈ ಸೇರಬಹುದು. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗಿ ಬಂದು, “ಅಷ್ಟು ಸಾಲದು ಆಂಟಿ, ಎಲ್ಲ ಕಡೆಯಿಂದಲೂ ಲಾಗೌಟ್ ಮಾಡಿ” ಅಂದಳು. ಬ್ರೌಸರಿನ ಕುಕಿ ಕದ್ದವರು ಪಾಸ್‌ವರ್ಡ್ ಇಲ್ಲದೆಯೇ ಒಳಗಿರಬಲ್ಲರು. ಆಮೇಲೆ ಅವಳು ಜಿಮೇಲಿನ ಫಿಲ್ಟರ್ ತೆಗೆದು ತೋರಿಸಿದಾಗ ಕೈಕಾಲು ತಣ್ಣಗಾದವು. ಬ್ಯಾಂಕಿನ ಹೆಸರಿರುವ ಪತ್ರವೆಲ್ಲ ನೇರ ಕಸದ ಬುಟ್ಟಿಗೆ ಹೋಗುವಂತೆ ಯಾರೋ ಮಾಡಿಟ್ಟಿದ್ದರು. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ ಎಂದಿತ್ತು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಆ ಸೂಚನೆಯೇ ನನ್ನ ಕಣ್ಣಿಗೆ ಬೀಳದ ಹಾಗೆ ಮಾಡಿದ್ದರು! ಆಗಲೇ ಬ್ಯಾಂಕಿಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿದೆ. ಪುಣ್ಯಕ್ಕೆ ಹಣ ಹೋಗಿರಲಿಲ್ಲ.

ನಿಜವಾದ ಸಂಕಟ ಅನುಮಾನದ್ದು. ನುಗ್ಗಿದ್ದು ಕಂಪ್ಯೂಟರಿಗೋ, ಬರೀ ಜಿಮೇಲಿಗೋ? ರಿಪೇರಿಯವರೊಬ್ಬರು ನೋಡಿ “ಏನೂ ಇಲ್ಲ” ಅಂದರು, ಇನ್ನೊಬ್ಬರು “ಫಾರ್ಮ್ಯಾಟ್ ಮಾಡಿಬಿಡಿ” ಅಂದರು. ವಿಂಡೋಸಿನ ಡಿಫೆಂಡರ್ ಕೂಡ ಎಲ್ಲ ಸರಿಯಿದೆ ಎಂದೇ ಹೇಳಿತು. ಹುಡುಗಿ ಅದರ ಸೆಟ್ಟಿಂಗ್ಸ್ ಕೆದಕಿದಾಗ, ಒಂದು ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟಿದ್ದು ಸಿಕ್ಕಿತು. ಆ ವಿನಾಯಿತಿ ತೆಗೆದು ಮತ್ತೆ ಹುಡುಕಿಸಿದರೆ ‘ಹ್ಯಾಕ್‌ಟೂಲ್’ ಎಂಬ ಕೆಂಪು ಎಚ್ಚರಿಕೆ. ಹಿಂದೊಮ್ಮೆ ಅಂಗಡಿಯೊಂದರಲ್ಲಿ ವಿಂಡೋಸ್ ಹಾಕಿಸಿದ್ದೆ. ಪೂರ್ತಿ ದುಡ್ಡು ಇಸಿದುಕೊಂಡು ಲೈಸೆನ್ಸ್ ಇಲ್ಲದ್ದನ್ನು ನಡೆಸುವ ಕಳ್ಳ ತಂತ್ರಾಂಶ ತುರುಕಿದ್ದರು. ಕಳ್ಳರು ಬಂದ ದಾರಿ ಅದೇ ಎಂದು ಪ್ರಮಾಣ ಮಾಡಿ ಯಾರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹೀಗಿರುವಾಗ ನುಗ್ಗಿದ್ದಾರೆ ಎಂದೇ ತಿಳಿದು ನಡೆಯುವುದು ಸರಿ, ಇದು ನನ್ನ ಖಚಿತ ಅಭಿಪ್ರಾಯ.

ಅಳಿಸುವ ಮೊದಲು ಸಾಕ್ಷಿ ಉಳಿಸಬೇಕಿತ್ತು. ಫಿಲ್ಟರಿನ, ಎಚ್ಚರಿಕೆಯ ಚಿತ್ರ ತೆಗೆದೆವು, ಮೇಷ್ಟ್ರಿಂದ ಆ ಪತ್ರವನ್ನು ಪೂರ್ತಿ ಹೆಡರ್ ಸಮೇತ ತರಿಸಿಕೊಂಡೆವು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಟ್ಟೆವು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದ ಊರು ಇದು. ಆದರೂ ಇಂಥ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕೆಂದು ನಮ್ಮ ಬೀದಿಯಲ್ಲಿ ಕೇಳಿದವರಿಗೆ ಗೊತ್ತಿರಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಕಡತಗಳನ್ನು ಬೇರೆ ಡ್ರೈವಿಗೆ ಇಳಿಸಿ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಡೀ ಪ್ರಬಂಧ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಹಾಳಾಯಿತೆಂದು ಅಲ್ಲೇ ಕುಸಿದು ಕೂತೆ. ಆಮೇಲೆ ಹೊಳೆಯಿತು: ಅದು ಹಳೆಯ ನುಡಿ ಫಾಂಟಿನ ಬರಹ, ಆ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ. ಫಾಂಟ್ ಹಾಕಿದೊಡನೆ ಕನ್ನಡ ಮೂಡಿತು. ಡಿಸ್ಕ್ ಪೂರ್ತಿ ಅಳಿಸಿ ಅಸಲಿ ವಿಂಡೋಸ್ ಹಾಕಿದೆವು.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಕಾಗದ ಕೊಟ್ಟಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ, ನಿಮ್ಮ ಆಧಾರ್ ಪ್ರತಿ ಪರರ ಕೈಗೆ ಹೋಗಿರಬಹುದು, ಬಯೋಮೆಟ್ರಿಕ್ ಲಾಕ್ ಮಾಡಿಸಿಕೊಳ್ಳಿ ಎಂದು ಹೇಳಿದೆ. ಕೆಲವರು ಸಿಡುಕಿದರು, ಒಬ್ಬರು ಮತ್ತೆ ಬರಲೇ ಇಲ್ಲ. ಹೆಚ್ಚಿನವರು “ಹೇಳಿದ್ದು ಒಳ್ಳೇದಾಯ್ತು” ಅಂದರು.

ಜೆರಾಕ್ಸ್, ಡಿಟಿಪಿ ನಡೆಸುವ ಎಲ್ಲರಲ್ಲೂ ನನ್ನದೊಂದು ವಿನಂತಿ: ಜನರ ಗುರುತಿನ ಕಾಗದಗಳನ್ನು ಕೆಲಸ ಮುಗಿದ ದಿನವೇ ಅಳಿಸಿಬಿಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.