ದಾಸನಕೊಪ್ಪದಲ್ಲಿ ನಾಲ್ಕು ದಿನ

ಶಿರಸಿ ತಾಲ್ಲೂಕೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ದಟ್ಟವಾದ ಕಾಡು, ಕಣಿವೆಯ ಅಡಿಕೆ ತೋಟ, ಬಿಡದೆ ಸುರಿಯುವ ಮಳೆ. ಆದರೆ ಶಿರಸಿಯ ಪೇಟೆಯನ್ನು ಬಿಟ್ಟು ಮೂಡಣ ದಿಕ್ಕಿಗೆ ಹೊರಟವರ ಮುಂದೆ ನೆಲವು ಮೆಲ್ಲಮೆಲ್ಲನೆ ತನ್ನ ವೇಷವನ್ನು ಬದಲಿಸುತ್ತದೆ. ಗುಡ್ಡಗಳು ತಗ್ಗುತ್ತವೆ, ಕಾಡು ಅಲ್ಲಲ್ಲಿ ಹಿಂದಕ್ಕೆ ಸರಿದು ಬತ್ತದ ಗದ್ದೆಗೂ ಗೋವಿನಜೋಳದ ಹೊಲಕ್ಕೂ ಎಡೆಗೊಡುತ್ತದೆ, ಆಕಾಶ ಹೆಚ್ಚು ಕಾಣತೊಡಗುತ್ತದೆ. ಮಲೆನಾಡು ಪೂರ್ತಿಯಾಗಿ ಮುಗಿಯದ, ಬಯಲುಸೀಮೆ ಇನ್ನೂ ಮೊದಲಾಗದ ಈ ನಡುನಾಡಿನಲ್ಲಿ, ಬನವಾಸಿಯ ಸೀಮೆಗೆ ಸೇರಿದ ಊರು ದಾಸನಕೊಪ್ಪ. ‘ಕೊಪ್ಪ’ ಎಂದರೆ ಚಿಕ್ಕ ಹಳ್ಳಿ. ಊರು ತನ್ನ ಅಳತೆಯನ್ನು ಹೆಸರಿನಲ್ಲಿಯೇ ಹೇಳಿಕೊಂಡಿದೆ.

ಪ್ರವಾಸದ ಕೈಪಿಡಿಗಳಲ್ಲಿ ಈ ಹೆಸರು ಕಾಣುವುದು ಅಪರೂಪ. ಈ ಜಿಲ್ಲೆಯನ್ನು ನೋಡಲು ಬರುವವರ ದಾರಿಯೇ ಬೇರೆ. ಶನಿವಾರ ಬೆಳಿಗ್ಗೆ ಯಾಣದ ಬಂಡೆ, ಮಧ್ಯಾಹ್ನ ಸಹಸ್ರಲಿಂಗ, ಸಂಜೆ ಉಂಚಳ್ಳಿಯ ಜಲಪಾತ. ಭಾನುವಾರ ಬನವಾಸಿಯಲ್ಲಿ ಅರ್ಧ ಗಂಟೆ, ಜೋಗದಲ್ಲಿ ಒಂದು ಗಂಟೆ, ರಾತ್ರಿಯ ಬಸ್ಸಿಗೆ ಓಟ. ಸೋಮವಾರ ಕಚೇರಿಯಲ್ಲಿ ಕುಳಿತವನಿಗೆ ನೆನಪಿರುವುದು ಬೆನ್ನುನೋವು ಮಾತ್ರ. ಇದಕ್ಕೆ ಬೇಸತ್ತವರು ಇನ್ನೊಂದು ದಾರಿಯನ್ನು ಹಿಡಿಯುತ್ತಾರೆ: ದೊಡ್ಡ ರೆಸಾರ್ಟು. ಅಲ್ಲಿ ಎತ್ತರದ ಗೋಡೆ, ಈಜುಕೊಳ, ಮೂರು ಹೊತ್ತೂ ಸಾಲುಸಾಲಾಗಿ ಇಟ್ಟ ಭೋಜನ. ವಿಶ್ರಾಂತಿಯೇನೋ ದೊರೆಯುತ್ತದೆ, ಆದರೆ ಗೋಡೆಯ ಹೊರಗೆ ಶಿರಸಿ ಇದೆಯೋ ಸಕಲೇಶಪುರವಿದೆಯೋ ಎಂಬುದು ಒಳಗಿದ್ದವರಿಗೆ ತಿಳಿಯುವುದಿಲ್ಲ.

ಈ ಎರಡನ್ನೂ ಒಲ್ಲದವರು ಜಗತ್ತಿನ ಎಲ್ಲೆಡೆಯಲ್ಲಿಯೂ ಇದ್ದಾರೆ. ಕೆರಿಬಿಯನ್ ಸಮುದ್ರವೆಂದರೆ ಬಿಳಿಯ ಮರಳು, ಸಾವಿರ ಕೋಣೆಗಳ ಹೋಟೆಲು ಎಂಬ ಭಾವನೆ ಬಲವಾಗಿದೆ. ಅದೇ ಸಮುದ್ರದಲ್ಲಿ ಸೇಬಾ ಎಂಬ ಪುಟ್ಟ ದ್ವೀಪವೊಂದಿದೆ. ವಿಸ್ತಾರ ಸುಮಾರು 13 ಚದರ ಕಿಲೋಮೀಟರು. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಹೇಳಿಕೊಳ್ಳುವಂತಹ ಮರಳ ತೀರ ಅಲ್ಲಿಲ್ಲ; ಇರುವುದೆಲ್ಲ ಕಡಿದಾದ ಬೆಟ್ಟ. ಇಲ್ಲಿ ರಸ್ತೆ ಕಡಿಯುವುದು ಅಸಾಧ್ಯವೆಂದು ಎಂಜಿನಿಯರುಗಳು ಹೇಳಿದ ಮೇಲೆ ದ್ವೀಪದ ಜನರೇ ಕೈಯಿಂದ ಕಲ್ಲು ಒಡೆದು ರಸ್ತೆ ಕಟ್ಟಿಕೊಂಡರು. 1938ರಲ್ಲಿ ಮೊದಲಾದ ಕೆಲಸ ಮುಗಿದದ್ದು 1958ರಲ್ಲಿ. ಐವತ್ತು ದಾಟಿದ ದಂಪತಿಗಳು ದೊಡ್ಡ ಹೋಟೆಲುಗಳನ್ನು ಬಿಟ್ಟು ಇಂತಹ ದ್ವೀಪಗಳನ್ನು ಅರಸಿಕೊಂಡು ಹೋಗುತ್ತಾರೆ. ಅಲ್ಲಿ ನೋಡಬೇಕಾದದ್ದು ಕಡಿಮೆ ಎಂಬುದೇ ಅವರಿಗೆ ಆಕರ್ಷಣೆ. ಕನ್ನಡದ ದಂಪತಿಗಳು ಅದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ.

ನಡುವಯಸ್ಸಿನ ಪ್ರವಾಸದ ಗುರಿಯೇ ಬೇರೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡಿರಿಗೆ ಎಲ್ಲಿಗೆ ಹೋದರೂ ಸರಿಯೆ. ಮಕ್ಕಳು ಚಿಕ್ಕವರಿದ್ದಾಗ ಅವರ ಸಂತೋಷವೇ ಪ್ರವಾಸ. ಐವತ್ತರ ಹೊತ್ತಿಗೆ ಮಗಳು ಪರದೇಶಕ್ಕೋ ಮಗ ಬೇರೆ ಊರಿಗೋ ಹೊರಟುಹೋಗಿ, ಮನೆಯಲ್ಲಿ ಮತ್ತೆ ಇಬ್ಬರೇ ಉಳಿಯುತ್ತಾರೆ. ಇಪ್ಪತ್ತೈದು ವರ್ಷ ಅವರ ಮಾತೆಲ್ಲ ಶಾಲೆಯ ಶುಲ್ಕ, ಮನೆಯ ಸಾಲ, ಹಿರಿಯರ ಔಷಧಿ ಇವುಗಳ ಸುತ್ತಲೇ ತಿರುಗಿತ್ತು. ಆ ವಿಷಯಗಳು ಮುಗಿದಾಗ ಮಾತೂ ಮುಗಿದಂತೆ ತೋರುತ್ತದೆ. ಜಗಳವಿಲ್ಲ, ಬೇಸರವೂ ಇಲ್ಲ. ಆದರೆ ಎದುರಿಗಿರುವವರು ಅರ್ಧ ಅಪರಿಚಿತರಾಗಿಬಿಟ್ಟಿರುತ್ತಾರೆ.

ಅಂತಹ ದಂಪತಿಗಳು ದಾಸನಕೊಪ್ಪದ ಸೀಮೆಗೆ ಬಂದರೆಂದು ಭಾವಿಸಬಹುದು. ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರು. ರಾತ್ರಿಯ ಬಸ್ಸಿನಲ್ಲಿ ಬರಬಹುದು. ರೈಲನ್ನು ಮೆಚ್ಚುವವರು ಹಾವೇರಿಯಲ್ಲೋ ತಾಳಗುಪ್ಪದಲ್ಲೋ ಇಳಿದು ಮುಂದೆ ಬಸ್ಸು ಹಿಡಿಯಬಹುದು. ಶಿರಸಿಯ ಸುತ್ತಿನ ತೋಟದ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಹೋಂಸ್ಟೇಗಳಿವೆ. ಬನವಾಸಿಯಲ್ಲಿ ತಂಗಲು ಅನುಕೂಲವಿದೆ. ವಸತಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಹಗಲನ್ನು ಈ ಸೀಮೆಯ ಹಳ್ಳಿಗಳಲ್ಲಿ ಕಳೆಯುವುದು ಲೇಸು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ನಡೆಯಲು ಹಿತವಾದ ಕಾಲ.

ಮೊದಲ ದಿನ ಕಷ್ಟದ ದಿನ. ಬೆಳಗಿನ ಚಹಾ ಮುಗಿದೊಡನೆ ಹೆಂಡತಿ ಕೇಳುತ್ತಾಳೆ: “ಈಗ ಎಲ್ಲಿಗೆ ಹೋಗೋಣ ರೀ?”

“ಎಲ್ಲಿಗೂ ಇಲ್ಲ.”

“ಹಾಗಾದರೆ ಬಂದದ್ದೇಕೆ?”

ಗಂಡನ ಬಳಿ ಉತ್ತರವಿಲ್ಲ. ಅವನ ಕೈ ಮೂರು ಸಲ ಮೊಬೈಲಿಗೆ ಹೋಗಿ ಬರುತ್ತದೆ. ಕೊನೆಗೆ ಇಬ್ಬರೂ ಚಪ್ಪಲಿ ಮೆಟ್ಟಿ ಗದ್ದೆಯ ಹಾದಿಯನ್ನು ಹಿಡಿಯುತ್ತಾರೆ. ಗದ್ದೆಯ ಅಂಚು ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಂದಿನವರು ಆಗಾಗ ನಿಂತು ಹಿಂದೆ ತಿರುಗಲೇಬೇಕು. ಪಟ್ಟಣದ ವಾಹನದಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಎಷ್ಟೋ ವರ್ಷ ಒಬ್ಬರ ಮುಖವನ್ನೊಬ್ಬರು ನೋಡದೆ ಸಾಗಿದವರಿಗೆ ಇದು ಹೊಸ ಅಭ್ಯಾಸ.

ಎರಡನೆಯ ದಿನ ಕಿವಿ ತೆರೆಯುತ್ತದೆ. ಈ ಸೀಮೆಯ ಮಾತನ್ನು ಕೇಳುವುದೇ ಒಂದು ಸುಖ. ಶಿರಸಿಯ ಪಡುವಣ ಭಾಗದ ಹವ್ಯಕರ ಮನೆಗೆ ಹೋದವರಿಗೆ ಮೊದಲು ಬರುವ ಪ್ರಶ್ನೆ ‘ಆಸರಿಗೆ’ ಏನು ಬೇಕೆಂಬುದು. ಬಾಯಾರಿಕೆಗೆ ಕುಡಿಯಲು ಕೊಡುವುದಕ್ಕೆ ಅಲ್ಲಿರುವ ಚೆಲುವಾದ ಹೆಸರು ಅದು. ಮೂಡಣಕ್ಕೆ ಸರಿದಂತೆ ಹಾನಗಲ್ಲು ಹಾವೇರಿಗಳ ಕಡೆಯ ಗಡಸು ಧಾಟಿ ಮಾತಿನಲ್ಲಿ ಬೆರೆಯುತ್ತದೆ. ಊಟವೂ ಹಾಗೆಯೇ. ಪಡುವಣದಲ್ಲಿ ತಂಬುಳಿ, ಅಪ್ಪೆಹುಳಿ, ಮಡಕೆಯ ಬೆನ್ನ ಮೇಲೆ ತೆಳ್ಳಗೆ ಹರಡಿ ಬೇಯಿಸಿದ ತೊಡದೇವು. ಮೂಡಣದಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿ. ಬನವಾಸಿಯ ಸುತ್ತಿನ ಅನಾನಸು ಹಣ್ಣಿನ ರುಚಿ ಬೇರೆ. ತೋಟದ ಬದಿಯಲ್ಲಿ ನಿಂತು ಹೆಚ್ಚಿಸಿಕೊಂಡು ತಿಂದ ಹಣ್ಣಿಗೆ ತಟ್ಟೆಯೂ ಬೇಡ, ಚಮಚವೂ ಬೇಡ.

ಮೂರನೆಯ ದಿನ ಬನವಾಸಿಗೆ ಹೋಗಬಹುದು. ಆದರೆ ಅರ್ಧ ಗಂಟೆಗಲ್ಲ, ಇಡೀ ದಿನಕ್ಕೆ. ಶಿರಸಿಯಿಂದ ಇಪ್ಪತ್ತಮೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಈ ಊರನ್ನು ವರದಾ ನದಿ ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಇದು. ಮಧುಕೇಶ್ವರ ದೇವಾಲಯದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಕಾಲದವು. ಕದಂಬರ ಗರ್ಭಗುಡಿಗೆ ಚಾಲುಕ್ಯರು ಮಂಟಪವನ್ನು ಸೇರಿಸಿದರು, ಸೋದೆಯ ಅರಸರು ಕುಸುರಿ ಕೆಲಸದ ಕಲ್ಲುಮಂಚವನ್ನು ಒಪ್ಪಿಸಿದರು. ಮಂಟಪದ ನುಣುಪಾದ ಕಂಬಗಳಲ್ಲಿ ನಿಂತವರ ನೆರಳು ಮೂಡುತ್ತದೆ. ಅವಸರದಿಂದ ಬಂದವರು ಕಾಣದೆ ಹೋಗುವ ಒಂದು ಸಂಗತಿ ಇಲ್ಲಿಯ ನಂದಿಯಲ್ಲಿದೆ. ಅದರ ಒಂದು ಕಣ್ಣು ಮಧುಕೇಶ್ವರನನ್ನೂ ಇನ್ನೊಂದು ಕಣ್ಣು ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತಿದೆ ಎಂದು ಊರವರು ಹೇಳುತ್ತಾರೆ. ನಿಂತು ಪರೀಕ್ಷಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ “ಕಾಣಿಸಿತೆ?” “ಇಲ್ಲ, ಈ ಕಡೆಯಿಂದ ನೋಡು” ಎಂದು ಇಬ್ಬರೂ ಮಕ್ಕಳಂತೆ ವಾದಿಸುತ್ತಾರೆ. ಮನೆಯ ಸಾಲವನ್ನು ಬಿಟ್ಟು ಬೇರೆ ವಿಷಯಕ್ಕೆ ಅವರು ವಾದಿಸಿ ಎಷ್ಟು ದಿನವಾಗಿತ್ತೋ!

ಈ ನಾಡಿಗೂ ನಡುವಯಸ್ಸಿಗೂ ಹಳೆಯ ನಂಟೊಂದಿದೆ. ಪಂಪ ಹುಟ್ಟಿದ್ದು 902ರಲ್ಲಿ ಎಂದು ವಿದ್ವಾಂಸರ ಎಣಿಕೆ. ‘ವಿಕ್ರಮಾರ್ಜುನ ವಿಜಯ’ವನ್ನು ಅವನು ಬರೆದದ್ದು 941ರ ಸುಮಾರಿನಲ್ಲಿ. ಆಗ ಅವನಿಗೆ ನಾಲ್ವತ್ತರ ಪ್ರಾಯ. ಇದ್ದದ್ದು ದೂರದ ವೇಮುಲವಾಡದಲ್ಲಿ, ಅರಿಕೇಸರಿಯ ಆಶ್ರಯದಲ್ಲಿ. ಕೀರ್ತಿ, ರಾಜಮನ್ನಣೆ ಎಲ್ಲವೂ ಕೈಗೆ ಬಂದಿದ್ದ ಕಾಲದಲ್ಲಿ ಕವಿಯ ಮನಸ್ಸು ಬನವಾಸಿ ದೇಶಕ್ಕೆ ಹಂಬಲಿಸಿತು. ಆ ಹಂಬಲದ ಪದ್ಯಗಳನ್ನು ಶಾಲೆಯಲ್ಲಿ ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಅಂಕ ಪಡೆದು ಮರೆತವರು ಅನೇಕರು. ವರದೆಯ ದಡದಲ್ಲಿ ಸಂಜೆ ಕುಳಿತಾಗ ಅವು ಅರ್ಧಮರ್ಧವಾಗಿ ನಾಲಗೆಗೆ ಬರುತ್ತವೆ. ಗಂಡ ಮರೆತ ಸಾಲನ್ನು ಹೆಂಡತಿ ತುಂಬುತ್ತಾಳೆ. ಅವಳಿಗೆ ಅದು ಬರುತ್ತಿತ್ತೆಂದು ಅವನಿಗೆ ಅದುವರೆಗೆ ತಿಳಿದೇ ಇರಲಿಲ್ಲ.

ನಾಲ್ಕನೆಯ ದಿನಕ್ಕೆ ಕಾರ್ಯಕ್ರಮವನ್ನು ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಮನಸ್ಸಾದರೆ ಮಳೆಗಾಲದಲ್ಲಿ ಸೊರಬ ತಾಲ್ಲೂಕಿನ ಗುಡವಿಯ ಕೆರೆಗೂ, ಚಳಿಗಾಲದಲ್ಲಿ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಗೂ ಹೋಗಿ ಹಕ್ಕಿಗಳನ್ನು ನೋಡಬಹುದು. ಮುಂಡಗೋಡಿನ ಬಳಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿಯಿದೆ. ತಾಯ್ನಾಡನ್ನು ಕಳೆದುಕೊಂಡವರು ಮುಂಜಾನೆಯ ಪ್ರಾರ್ಥನೆಯನ್ನು ಬಿಡದೆ ಅಲ್ಲಿ ಬಾಳು ಕಟ್ಟಿಕೊಂಡಿದ್ದಾರೆ. ಮನಸ್ಸಾಗದಿದ್ದರೆ ಜಗಲಿಯ ಮೇಲೆ ಕುಳಿತಿರುವುದೇ ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅದು ನೋಡಲೇಬೇಕಾದ ವೈಭವ. ಆದರೆ ನಿಶ್ಶಬ್ದವನ್ನು ಅರಸಿ ಬರುವವರು ಆ ದಿನಗಳನ್ನು ಬಿಟ್ಟು ಬರಬೇಕು.

ಇಂತಹ ಪ್ರವಾಸದಿಂದ ಊರಿಗೂ ಹಿತವಿದೆ. ಅವಸರದವರು ಕಾರಿನ ಧೂಳನ್ನೂ ಪ್ಲಾಸ್ಟಿಕ್ಕನ್ನೂ ಉಳಿಸಿಹೋಗುತ್ತಾರೆ. ದೊಡ್ಡ ರೆಸಾರ್ಟು ಬಂದರೆ ಮೊದಲು ಗುಡ್ಡ ಕರಗುತ್ತದೆ, ಆಮೇಲೆ ಬಾವಿ ಬತ್ತುತ್ತದೆ. ನಾಲ್ಕು ದಿನ ನಿಲ್ಲುವ ಇಬ್ಬರು ಮಾತ್ರ ಚಹಾದ ಅಂಗಡಿಯವನಿಗೂ ಹಣ್ಣು ಮಾರುವವಳಿಗೂ ಬಸ್ಸಿನ ಕಂಡಕ್ಟರನಿಗೂ ಪರಿಚಿತರಾಗುತ್ತಾರೆ. ಅವರು ಕೊಟ್ಟ ಹಣ ಅದೇ ಬೀದಿಯಲ್ಲಿ ಉಳಿಯುತ್ತದೆ. ಅವರಿಗಾಗಿ ಊರು ತನ್ನ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಐದನೆಯ ಬೆಳಿಗ್ಗೆ ಬಸ್ಸು ಬರುತ್ತದೆ. ಕ್ಯಾಮರಾದಲ್ಲಿ ಹೇಳಿಕೊಳ್ಳುವಂತಹ ಚಿತ್ರಗಳಿಲ್ಲ. ನೆರೆಮನೆಯವರು ಏನೇನು ನೋಡಿದಿರಿ ಎಂದು ಕೇಳಿದರೆ ಪಟ್ಟಿ ಕೊಡುವುದು ಕಷ್ಟ. ಚೀಲದಲ್ಲಿ ಒಂದು ಡಬ್ಬಿ ಜೋನಿಬೆಲ್ಲ, ಎರಡು ಅನಾನಸು. ಕಿಟಕಿಯ ಬದಿಯ ಸೀಟನ್ನು ಅವನು ಅವಳಿಗೆ ಬಿಟ್ಟುಕೊಡುತ್ತಾನೆ. ಗದ್ದೆ ಮುಗಿದು ಕಾಡು ಮೊದಲಾಗುವವರೆಗೂ ಅವಳು ಹೊರಗೆ ನೋಡುತ್ತಿರುತ್ತಾಳೆ. ಆಮೇಲೆ ಈ ಕಡೆ ತಿರುಗಿ, ಮನೆಗೆ ಹೋದ ಮೇಲೂ ಸಂಜೆ ಒಂದು ಸುತ್ತು ಜೊತೆಯಾಗಿ ನಡೆಯಬಹುದಲ್ಲವೆ ಎಂದು ಕೇಳುತ್ತಾಳೆ.