1,200 ಗ್ರಾಮಿನ ಜಟ್ಟಿ

ದಿನ ತುಂಬಲು ಇನ್ನೂ ಎರಡು ತಿಂಗಳ ಮೇಲಿದೆ. ಎನ್. ಬೇಗೂರಿನ ಬಸುರಿಯೊಬ್ಬಳಿಗೆ ನಟ್ಟಿರುಳಲ್ಲಿ ನೋವು ಎದ್ದಿತು ಅನ್ನಿ. ಅತ್ತ ಕಬಿನಿ ಹಿನ್ನೀರು, ಇತ್ತ ಬಂಡೀಪುರದ ಕಾಡು. 108ಕ್ಕೆ ಫೋನು ಹೋಯಿತು. ದಾರಿಗೆ ಆನೆ ಇಳಿದಿದ್ದರೆ? ಡ್ರೈವರ್ ಗಾಡಿ ನಿಲ್ಲಿಸಿ ಕಾಯಬಹುದು, ಕೂಸು ಕಾಯುತ್ತದೆಯೇ! ಹ್ಯಾಂಡ್‌ಪೋಸ್ಟ್ ದಾಟಿ ಮೈಸೂರಿನ ಚೆಲುವಾಂಬ ಆಸ್ಪತ್ರೆ ಮುಟ್ಟಿದರೆ ಅರ್ಧ ಗೆದ್ದಂತೆ.

ಉಳಿದರ್ಧ ಇನ್ನೂ ಕಠಿಣ. 30 ವಾರಕ್ಕೇ ಹುಟ್ಟಿದ 1,200 ಗ್ರಾಮಿನ ಕೂಸು. ಶ್ವಾಸಕೋಶದ ಗಾಳಿಗೂಡುಗಳು ಮುದುಡದಂತೆ ನೋಡಿಕೊಳ್ಳುವ ಸರ್ಫ್ಯಾಕ್ಟಂಟ್ ಸಾಲದು. ಪಕ್ಕೆಲುಬು ಎಷ್ಟು ಮೆದುವೆಂದರೆ ಉಸಿರೆಳೆದಾಗಲೆಲ್ಲ ಎದೆ ಒಳಕ್ಕೆ ಗುಳಿಬೀಳುತ್ತದೆ. ದಸರಾ ಜಟ್ಟಿಗಳ ಕಾಳಗ ಮೊದಲ ರಕ್ತಕ್ಕೇ ಮುಗಿಯುತ್ತದೆ, ಈ ಜಟ್ಟಿಗೆ ನಿಮಿಷಕ್ಕೆ ಅರವತ್ತು ಪಟ್ಟು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಇದಕ್ಕಿಂತ ನಾಲ್ಕು ವಾರ ಹೆಚ್ಚೇ ಬೆಳೆದಿದ್ದ. ಎರಡು ದಿನ ಪೂರಾ ಬದುಕಲಿಲ್ಲ. ಮೂಗಿನಿಂದ ಗಾಳಿ ಒತ್ತಿ ಶ್ವಾಸಕೋಶ ತೆರೆದಿಡುವ ಸಿಪ್ಯಾಪ್ ಆಗಿನ್ನೂ ಬಂದಿರಲಿಲ್ಲ.

ಮಾನಿಟರ್ ಕೂಗಿತು. ಉಸಿರು ನಿಂತಿದೆ! ಹತ್ತು ಸೆಕೆಂಡು. ಇಪ್ಪತ್ತು. ತುಟಿ ನೀಲಿ. ನರ್ಸ್ ಅಂಗಾಲು ತೀಡಿದರು. ಇಲ್ಲ. ಮತ್ತೆ ತೀಡಿದರು... ಎಳೆಯಿತು!

ಈಗ ಫಿಸಿಯೋಥೆರಪಿಸ್ಟ್ ಕೈ ತೊಳೆದು ಬರುತ್ತಾರೆ. ಕಫ ಬಿಡಿಸಲು ಎದೆ ತಟ್ಟುತ್ತಾರೇನೋ ಅಂದುಕೊಳ್ಳಬೇಡಿ. ತೀರ ಎಳೆಯ ಕೂಸುಗಳ ಎದೆ ತಟ್ಟುವುದಕ್ಕೂ ಮಿದುಳಿನ ಹಾನಿಗೂ ನಂಟಿರಬಹುದೆಂದು ನ್ಯೂಜಿಲೆಂಡಿನ ವೈದ್ಯರು 1998ರಲ್ಲೇ ಎಚ್ಚರಿಸಿದ್ದಾರೆ. ಇಲ್ಲಿ ಸಾಹಸವೆಂದರೆ ಕೈ ಬಿಗಿಹಿಡಿಯುವುದೇ. ಮಾಡುವುದು ಇಷ್ಟು: ಬಟ್ಟೆ ಸುರುಳಿ ಸುತ್ತಿ ಕೂಸಿನ ಸುತ್ತ ಗೂಡು ಕಟ್ಟುತ್ತಾರೆ. ಕಪ್ಪೆಯ ಹಾಗೆ ಅಗಲಿಸಿ ಬಿದ್ದಿದ್ದ ತೊಡೆಗಳನ್ನು ಮೆಲ್ಲಗೆ ಮಡಿಸಿ, ಎರಡೂ ಮುಷ್ಟಿ ಬಾಯಿಯ ಹತ್ತಿರ ತರುತ್ತಾರೆ. ಮಾನಿಟರಿನ ಕಾವಲಿರುವುದರಿಂದ ಬೋರಲು ಮಲಗಿಸುತ್ತಾರೆ. ಹಾಸಿಗೆಯ ಆಸರೆ ಸಿಕ್ಕ ಎದೆ ಅಷ್ಟು ಗುಳಿಬೀಳುವುದಿಲ್ಲ. ಆಮ್ಲಜನಕ 84... 88... 92. ಬಣ್ಣ ತಿರುಗಿದರೆ, ಕೂಸು ಬೆರಳು ಚಾಚಿ ಬೇಡವೆಂದರೆ, ಅಲ್ಲಿಗೇ ನಿಲ್ಲಿಸಬೇಕು.

ಆಮೇಲೆ ಅಮ್ಮನ ಎದೆ. ಬರಿಮೈಗೆ ಬರಿಮೈ. ಯಂತ್ರ, ಹಾಸಿಗೆ ಸಾಲದೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಈ ಕಾಂಗರೂ ಆರೈಕೆಗೆ ಖರ್ಚು ತೀರ ಕಡಿಮೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆವರೆಗೆ ಮುಟ್ಟಿಸುವ ಪ್ರಯತ್ನ ನಡೆದಿದೆ.

ಊರಿಗೆ ಹೊರಟ ದಿನ ಅಜ್ಜಿ ಫಿಸಿಯೋಥೆರಪಿಸ್ಟನ್ನು ಕೇಳುತ್ತಾರೆ: “ಎಣ್ಣೆ ಹಚ್ಚಿ ಕೈಕಾಲು ಎಳೆದು ನೀರು ಹಾಕ್ಲಾ?”

“ಎಳೀಬೇಡಿ ಅಜ್ಜಿ. ಮಲಗಿಸೋದು ಅಂಗಾತ. ಎಚ್ಚರ ಇದ್ದಾಗ, ನೀವು ಎದುರಿಗೇ ಇದ್ದು, ಒಂದಿಷ್ಟು ಹೊತ್ತು ಬೋರಲು ಹಾಕಿ. ಕತ್ತು ತಾನೇ ಎತ್ತತ್ತೆ.”

“ಆರು ತಿಂಗಳಿಗೆ ಮಗುಚಿಕೊಳ್ತದಾ?”

“ಆರರಲ್ಲಿ ಮುಂಚೆ ಬಂದಿದ್ದು ಎರಡು ಚಿಲ್ಲರೆ ಕಳೀರಿ, ಅಜ್ಜಿ. ಆಮೇಲೆ ಕೇಳಿ.”